ಏರ್‌ಗನ್ನಿಗೆ ಯಾವ ಎಣ್ಣೆ

ಮೊನ್ನೆ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಸೂಜಿ ಹುಡುಕುತ್ತಿದ್ದೆ. ಸೂಜಿ ಸಿಗಲಿಲ್ಲ. ಬೇಕಾದ್ದು ಸಿಗದೆ ಬೇಡದ್ದೆಲ್ಲ ಸಿಗುವ ಜಾಗ ಅದು. ಒಂಟಿ ಗುಂಡಿಗಳು, ತುದಿ ಮುರಿದ ಕತ್ತರಿ, ಯಾವ ಕಾಲದ್ದೋ ರವಿಕೆಯ ಒಂದು ತೋಳು, ಎಲ್ಲದರ ಅಡಿಯಲ್ಲಿ ಉದ್ದ ಮೂಗಿನ ಎಣ್ಣೆ ಡಬ್ಬಿ. ತಳ ಒತ್ತಿದರೆ ಟಕ್ ಎಂದು ಸದ್ದು ಮಾಡಿ ಮೂಗಿನ ತುದಿಯಿಂದ ಒಂದು ಹನಿ ಬಿಡುತ್ತಿತ್ತಲ್ಲ, ಅದು. ನಿಮ್ಮ ಮನೆಯಲ್ಲೂ ಒಂದು ಇದ್ದಿರಬೇಕು. ಒತ್ತಿ ನೋಡಿದೆ. ಟಕ್ ಎಂದಿತು, ಹನಿ ಬರಲಿಲ್ಲ.

"ಖಾಲಿ ಆಗಿದೆ," ಎಂದೆ, ನನ್ನಷ್ಟಕ್ಕೆ.

ಜಗಲಿಯಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ತಲೆಯನ್ನೂ ಎತ್ತದೆ, "ನಾನಲ್ಲ ಮಾರಾಯ್ತಿ," ಎಂದರು.

ನನಗೆ ನಗು ತಡೆಯಲಿಲ್ಲ. ನಮ್ಮ ಮನೆಯ ಏರ್‌ಗನ್ ಯಾರದೋ ಕೈ ಸೇರಿ ಎಷ್ಟೋ ಕಾಲವಾಯಿತು. ಆದರೂ ಆ ಡಬ್ಬಿ ಖಾಲಿ ಎಂದ ಕೂಡಲೇ ಅವರಿಗೆ ಮೊದಲ ಅನುಮಾನ ತಮ್ಮ ಮೇಲೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ಏರ್‌ಗನ್ನಿಗೆ ಯಾವ ಎಣ್ಣೆ ಹಾಕಬೇಕು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಆದಷ್ಟು ಮಾತು ಜಮೀನು ಪಾಲಾದಾಗಲೂ ಆಗಿರಲಿಲ್ಲ. ಅದರ ದೆಸೆಯಿಂದ ಒಂದು ಒಳ್ಳೆಯ ಸ್ನೇಹವೂ ಮುರಿದು ಬೀಳುವುದರಲ್ಲಿತ್ತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ನಾನು ನೆಟ್ಟಗೆ ವಿಷಯಕ್ಕೆ ಬರುವವಳಲ್ಲ, ಸ್ವಲ್ಪ ಸುತ್ತು ಹಾಕಿಯೇ ಬರುತ್ತೇನೆ.

ನಾನು ಕಡೂರು ಕಡೆಯ ಬಯಲುಸೀಮೆಯವಳು. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಬಾಳೂರಿನ ಕಾಫಿ ತೋಟಕ್ಕೆ ಬಂದೆ. ಅಪ್ಪ ಕೊಟ್ಟ ಹೊಲಿಗೆ ಮಿಷನ್ ಜೀಪಿನ ಹಿಂಬದಿಯಲ್ಲಿ, ನಾನು ಮುಂಬದಿಯಲ್ಲಿ, ಇಬ್ಬರೂ ಒಂದೇ ರೀತಿ ಕುಲುಕಾಡಿಕೊಂಡು ಬಂದಿಳಿದೆವು. ಮನೆಯ ಒಳಗೆ ಕಾಲಿಟ್ಟರೆ ನಡುಮನೆಯ ಗೋಡೆಗೆ ಒಂದು ಕೋವಿ ತೂಗು ಹಾಕಿತ್ತು. ಹೊಸದಾಗಿ ಬಂದವಳು, ಏನಾದರೂ ಮಾತಾಡಬೇಕಲ್ಲ ಎಂದು, "ಇದಕ್ಕೆ ಮದ್ದು ಎಲ್ಲಿ ತುಂಬ್ತಾರೆ?" ಎಂದು ಕೇಳಿದೆ. ನಮ್ಮ ಅತ್ತೆಯೂ ಸೇರಿ ಇಡೀ ಮನೆ ನಕ್ಕಿತು. ಆ ಮನೆಯಲ್ಲಿ ನನ್ನ ಮೊದಲ ಮಾತು ಅದು, ಈಗಲೂ ಮದುವೆ ಮುಂಜಿಗಳಲ್ಲಿ ನೆಂಟರು ನೆನಪಿಸುತ್ತಾರೆ.

ಮದ್ದೂ ಇಲ್ಲ, ತೋಟಾವೂ ಇಲ್ಲ ಎಂದು ಯಜಮಾನರೇ ಕೋವಿ ಇಳಿಸಿ ತೋರಿಸಿದರು. ನಳಿಗೆಯನ್ನು ಮುರಿದಂತೆ ಕೆಳಕ್ಕೆ ಬಗ್ಗಿಸಿದರೆ ಹೊಟ್ಟೆಯೊಳಗಿನ ದಪ್ಪ ಸ್ಪ್ರಿಂಗ್ ಮುದುಡಿ ಹಿಂದಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಬೆರಳಿಟ್ಟು ಕುದುರೆ ಎಳೆದರೆ ಸ್ಪ್ರಿಂಗ್ ಬಿಟ್ಟುಕೊಂಡು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ತಲೆಗೆ ಒಂದು ಚರ್ಮದ ವಾಷರ್. ಸೈಕಲ್ ಪಂಪಿನೊಳಗೆ ಇರುತ್ತದಲ್ಲ, ಹಾಗೆಯೇ. ಅದು ನೂಕಿದ ಗಾಳಿ ಸೀಸದ ಚಿಕ್ಕ ಗುಂಡನ್ನು ಹೊರಕ್ಕೆ ಉಗಿಯುತ್ತದೆ. ಇಷ್ಟೇ ಸಂಗತಿ. ಹೈಸ್ಕೂಲಿನಲ್ಲಿ ಅಣ್ಣನ ಸೈಕಲ್ಲಿಗೆ ಗಾಳಿ ಹೊಡೆದು ಗೊತ್ತಿದ್ದ ನನಗೆ ಒಂದೇ ಸಲಕ್ಕೆ ಅರ್ಥವಾಯಿತು. "ಹಾಗಾದ್ರೆ ಚರ್ಮ ಒಣಗಬಾರ್ದು," ಎಂದೆ. ಅವರು ನನ್ನನ್ನು ನೋಡಿದ ರೀತಿ ನೋಡಿ ನನಗೆ ಬಹಳ ಹೆಮ್ಮೆಯಾಯಿತು. ಆ ಹೆಮ್ಮೆ ಒಂದು ವಾರವೂ ಉಳಿಯಲಿಲ್ಲ. ಚರ್ಮ ಒಣಗಬಾರದೆಂದು ಅವರು ನನ್ನ ಮಿಷನ್ನಿನ ಎಣ್ಣೆಯನ್ನೇ ಕೋವಿಗೆ ಹಾಕತೊಡಗಿದರು.

ನಾನು ರವಿಕೆ ಹೊಲಿಯಲು ಕೂತರೆ ಮಿಷನ್ ಕೀಚ್ ಕೀಚ್ ಎನ್ನುತ್ತಿತ್ತು. ಡಬ್ಬಿ ಒತ್ತಿದರೆ ಬರೀ ಟಕ್. ಕೇಳಿದರೆ, "ಒಂದೇ ಒಂದ್ ಹನಿ ತಗಂಡೆ ಮಾರಾಯ್ತಿ." ದಿನಕ್ಕೆ ಒಂದೊಂದೇ ಹನಿ ಎಂದು ಮೂಡಿಗೆರೆಯಿಂದ ತಂದ ಎಣ್ಣೆ ಬಾಟಲಿ, ಕಾಫಿ ಹೂವಾಗುವ ಹೊತ್ತಿಗೆ ಮುಗಿದಿತ್ತು. ಅಷ್ಟು ಹಾಕಿದರೂ ಕೋವಿಗೆ ತೃಪ್ತಿಯಿಲ್ಲ. ಮಿಷನ್ ಎಣ್ಣೆ ನೀರಿನಷ್ಟು ತೆಳು, ಚರ್ಮದಲ್ಲಿ ನಿಲ್ಲದೆ ಗಾಳಿ ಬರುವ ತೂತಿನ ಕಡೆಗೇ ಹೋಗಿ ಸೇರುತ್ತಿತ್ತು.

ಆಗ ಅವರು ಕೊಬ್ಬರಿ ಎಣ್ಣೆಗೆ ತಿರುಗಿದರು. ತಲೆಗೆ ಹಾಕುವ ಧಾರಾಳದಲ್ಲೇ ಕೋವಿಗೂ ಹಾಕಿದರು. ಆ ದಿನ ಮನೆ ಹಿಂದಿನ ಕಿತ್ತಳೆ ಮರಕ್ಕೆ ಮಂಗಗಳು ಬಂದಿದ್ದವು. ಇವರು ಗುರಿಯಿಟ್ಟು ಹೊಡೆದರು ನೋಡಿ, ಢಮಾರ್ ಎಂದಿತು. ನಳಿಗೆಯ ಬಾಯಿಂದ ಹೊಗೆ. ಮಂಗಗಳಿರಲಿ, ಕಣದಲ್ಲಿ ಕಾಫಿ ಕೆದಕುತ್ತಿದ್ದ ಆಳುಗಳೂ ಓಡಿದರು. ಮದ್ದಿಲ್ಲದ ಕೋವಿಯಲ್ಲಿ ಹೊಗೆ ಎಲ್ಲಿಂದ ಬಂತೆಂದು ಒಂದು ವಾರ ಚರ್ಚೆಯಾಯಿತು. ಗಾಳಿಯನ್ನು ಒಮ್ಮೆಲೇ ಒತ್ತಿದರೆ ಅದು ಬೆಂಕಿಯಷ್ಟು ಬಿಸಿಯಾಗುತ್ತದೆ, ಆ ಬಿಸಿಗೆ ಎಣ್ಣೆ ಹತ್ತಿಕೊಳ್ಳುತ್ತದೆ, ಡೀಸಲ್ ಇಂಜಿನ್ ನಡೆಯುವುದೂ ಹಾಗೆಯೇ ಎಂದು ಕೊನೆಗೆ ತಿಳಿಯಿತು. ಹಾಗೆ ಹತ್ತಿಕೊಂಡರೆ ಗುಂಡು ಎತ್ತಲೋ ಹೋಗುತ್ತದೆ, ಚರ್ಮ ಸುಡುತ್ತದೆ, ಸ್ಪ್ರಿಂಗೂ ಬೇಗ ಮುರಿಯುತ್ತದೆ. ಮಂಗಗಳು ಮಾತ್ರ ಮಾರನೆಯ ದಿನವೇ ವಾಪಸು ಬಂದು, ಇನ್ನೊಮ್ಮೆ ಹಾರಿಸುತ್ತಾರೇನೋ ಎಂಬಂತೆ ಸಾಲಾಗಿ ಕೂತು ಕಾಯುತ್ತಿದ್ದವು.

ಡಿಸೆಂಬರ್ ಬಂದಾಗ ಕೊಬ್ಬರಿ ಎಣ್ಣೆ ಕೋವಿಯೊಳಗೇ ಹೆಪ್ಪುಗಟ್ಟಿತು. ಅಡಿಗೆ ಮನೆಯ ಒಲೆಯ ಹತ್ತಿರ ಕೋವಿಯನ್ನು ಒರಗಿಸಿ ಇಟ್ಟದ್ದನ್ನು ನೋಡಿ ಅತ್ತೆ, "ಬಾಣಂತಿಗೆ ಕಾಸಿದ ಹಾಗೆ ಕಾಸ್ತೀಯಲ್ಲ ಮಗಾ," ಎಂದರು. ಮುಂದೆ ಜೀಪಿನ ಗ್ರೀಸ್. ಅದನ್ನು ಬಳಿದ ಮೇಲೆ ಸ್ಪ್ರಿಂಗ್ ಎಷ್ಟು ಸೋಮಾರಿಯಾಯಿತೆಂದರೆ ಗುಂಡು ನಳಿಗೆಯಿಂದ ಹೊರಬಂದು ನಮ್ಮೆದುರೇ ಅಂಗಳಕ್ಕೆ ಬಿತ್ತು. ನಮ್ಮ ನಾಯಿ ಹೋಗಿ ಅದನ್ನು ಮೂಸಿ ಬಂತು.

ಇಷ್ಟೊಂದು ಹಟ ಯಾಕೆಂದರೆ, ಮಂಗಗಳದ್ದು ಒಂದು ನೆಪ. ನಿಜವಾದ ಕಾರಣ ಭಾನುವಾರದ ನಿಂಬೆಹಣ್ಣು. ಸುತ್ತಲಿನ ತೋಟದವರು ಭಾನುವಾರ ನಮ್ಮ ಕಣದಲ್ಲಿ ಸೇರುತ್ತಿದ್ದರು. ದಾರದಲ್ಲಿ ಒಂದು ನಿಂಬೆಹಣ್ಣು ಕಟ್ಟಿ ತೂಗುಬಿಟ್ಟು ಸರದಿಯ ಮೇಲೆ ಹೊಡೆಯುವುದು. ಎಲ್ಲರಿಗಿಂತ ಕಡಿಮೆ ಹೊಡೆದವನು ಮುಂದಿನ ಭಾನುವಾರ ಎಲ್ಲರಿಗೂ ಅಡುಗೆ ಮಾಡಬೇಕು. ಅಡುಗೆ ಅಂದರೆ ಹಂದಿ ಮಾಂಸ, ಜೊತೆಗೆ ಕಡುಬು. ಕಡುಬು ಬೇಯಿಸುವುದು ಹೆಂಗಸರ ಪಾಲಿಗೆ, ಹಂದಿ ಬೇಯಿಸುವುದು ಗಂಡಸರ ಪಾಲಿಗೆ. ಯಾಕೆಂದರೆ ಹಂದಿಗೆ ನಮ್ಮ ಮನೆಯೊಳಗೆ ಪ್ರವೇಶವಿರಲಿಲ್ಲ.

ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅತ್ತೆ ಕೋಳಿ ತಿನ್ನುತ್ತಿದ್ದರು, ಮೀನು ತಿನ್ನುತ್ತಿದ್ದರು, ಹಂದಿ ಮುಟ್ಟುತ್ತಿರಲಿಲ್ಲ. ಮನೆದೇವರಿಗೆ ಆಗುವುದಿಲ್ಲ ಎನ್ನುತ್ತಿದ್ದರು. ಮಗ ತಿನ್ನುವುದಕ್ಕೆ ಅವರ ತಕರಾರೇನೂ ಇಲ್ಲ. ಸೌದೆ ಕೊಟ್ಟಿಗೆಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ ಅಲ್ಲೇ ಬೇಯಿಸಿ, ಅಲ್ಲೇ ಉಂಡು, ಆ ಪಾತ್ರೆಯನ್ನು ಬೇಯಿಸಿದವನೇ ಬೂದಿ ಹಾಕಿ, ಬಿಸಿನೀರು ಹಾಕಿ ಉಜ್ಜಿ, ಕವುಚಿಟ್ಟು ಬರಬೇಕು. ಆಳಿನ ಕೈಲಿ ಉಜ್ಜಿಸುವ ಹಾಗಿಲ್ಲ, ಹೆಂಡತಿಯ ಕೈಲೂ ಇಲ್ಲ. ತಿಂದವನದೇ ಕೈ. ನಮ್ಮ ಯಜಮಾನರು ಪಂಚೆ ಎತ್ತಿ ಕಟ್ಟಿ, ತೋಟದ ಮೇಸ್ತ್ರಿ, ಲೆಕ್ಕ ಬರೆಯುವ ರೈಟರ್ ಎಲ್ಲರ ಎದುರೇ ಕುಕ್ಕುರುಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದರು. ಅದರಲ್ಲಿ ಅವರಿಗೆ ಯಾವ ಅವಮಾನವೂ ಕಂಡಿರಲಿಲ್ಲ. ಅತ್ತೆ ಬೈಯುತ್ತಿರಲಿಲ್ಲ, ಇವರು ಎದುರಾಡುತ್ತಿರಲಿಲ್ಲ, ಪಾತ್ರೆ ತೊಳೆದಾಗಿರುತ್ತಿತ್ತು.

ಹಾಗೆ ಒಂದು ಭಾನುವಾರ ಪಕ್ಕದ ತೋಟದ ಸುಬ್ಬೇಗೌಡರು ಒಂದು ಗಾಜಿನ ಬಾಟಲಿ ತಂದುಕೊಟ್ಟರು. ಒಳಗೆ ಬಿಳಿಯ ಮಂಜಿನಂಥ ನೆಣ.

"ಕಾಡಂದಿದು. ಎಲ್ಲಿಂದ ಬಂತು ಅಂತ ಕೇಳ್ಬೇಡಿ. ವಾಷರ್ ಬಿಚ್ಚಿ ಇದ್ರಲ್ಲಿ ನೆನೆಹಾಕಿ, ಸ್ಪ್ರಿಂಗಿಗೂ ಬೆರಳಲ್ಲಿ ಒಂಚೂರು ಸವರಿ. ಆಮೇಲೆ ನನ್ ಹೆಸ್ರು ಹೇಳಿ," ಎಂದರು.

ಹೇಳಿದ್ದು ಸುಳ್ಳಲ್ಲ. ಚರ್ಮಕ್ಕೆ ಪ್ರಾಣಿಯ ಕೊಬ್ಬೇ ಒಗ್ಗುವುದೋ ಏನೋ, ವಾಷರ್ ಮೆತ್ತಗಾಗಿ ಕೊಳವೆಗೆ ಕಚ್ಚಿ ಕೂತಿತು. ಸದ್ದು ಬರೀ ಟಪ್. ಆ ಚಳಿಗಾಲವಿಡೀ ನಮ್ಮವರು ನಿಂಬೆಹಣ್ಣನ್ನು ಬಿಡಲಿಲ್ಲ. ಒಂದು ದಿನ ದಾರಕ್ಕೇ ಹೊಡೆದು ಹಣ್ಣು ಬೀಳಿಸಿದರು. ಅಲ್ಲಿಂದ ಅವರು ಹಂದಿ ನೆಣದ ಪ್ರಚಾರಕರಾದರು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಾಫಿ ಮಾರಲು ಹೋದ ಆಲ್ದೂರಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಅದೇ ಉಪದೇಶ. ನನಗೆ ಸಂತೋಷವೇ ಆಯಿತು, ನನ್ನ ಎಣ್ಣೆ ಡಬ್ಬಿಗೆ ಬಿಡುಗಡೆ ಸಿಕ್ಕಿತ್ತು.

ಇನ್ನು ಖಾದರ್ ಸಾಬ್ರ ವಿಷಯ. ಬಣಕಲ್ಲಿನಲ್ಲಿ ರಸ್ತೆಯ ಅಂಚಿಗೆ ತಗಡಿನ ಸೂರು ಹಾಕಿಕೊಂಡು ಜೀಪು ರಿಪೇರಿ ಮಾಡುತ್ತಿದ್ದರು. ಜೀಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ತಿರುಗಿಸುವ ಇಂಜಿನ್, ಔಷಧಿ ಹೊಡೆಯುವ ಪಂಪು, ಏರ್‌ಗನ್, ಯಾವುದಾದರೂ ಸರಿ. ಮಿತ ಮಾತು, ತೆಳ್ಳಗಿನ ಆಳು. ಒಂದು ವರ್ಷ ಕುಯ್ಲಿನ ನಡುವೆ ನಮ್ಮ ಪಲ್ಪರ್ ಇಂಜಿನ್ ನಿಂತುಹೋಗಿತ್ತು. ಕುಯ್ದ ಹಣ್ಣು ರಾಶಿ ಬಿದ್ದು ಹುಳಿ ವಾಸನೆ ಬರತೊಡಗಿತ್ತು. ಅವತ್ತು ಅವರ ಹಬ್ಬ. ಊಟಕ್ಕೆ ಕೂತಿದ್ದವರು ಎದ್ದು ಬಂದು ಇಂಜಿನ್ ನಡೆಸಿಕೊಟ್ಟರು. ಆಮೇಲೆ ನಮ್ಮ ಅತ್ತೆ ಅವರನ್ನು ಹೊರಡಲು ಬಿಡಲಿಲ್ಲ. "ಹಬ್ಬದ ದಿನ ಹಸ್ಕೊಂಡು ಹೋದ್ರೆ ನಮ್ ತೋಟಕ್ಕೆ ಒಳ್ಳೇದಾಗ್ತದಾ ಸಾಬ್ರೇ," ಎಂದು ಕೂರಿಸಿ ಬಡಿಸಿದರು. ಅಂದಿನಿಂದ ಅವರು ನಮಗೆ ಬರೀ ಮೆಕ್ಯಾನಿಕ್ ಆಗಿರಲಿಲ್ಲ.

ಈ ಸಾಬ್ರದು ಕೋವಿಯ ವಿಷಯದಲ್ಲಿ ಮಾತ್ರ ಒಂದು ವಿಚಿತ್ರ ಪದ್ಧತಿ. ಯಾರೇ ಏರ್‌ಗನ್ ತಂದರೂ ಮೊದಲು ನಳಿಗೆಯ ಬಾಯಿಯನ್ನು ಮೂಗಿನ ಹತ್ತಿರ ಹಿಡಿದು ಮೂಸುವರು. ಆಮೇಲೆ ಹೆಚ್ಚುಕಮ್ಮಿ ಪ್ರತಿ ಸಲವೂ ಹೊರಗಿನ ಸ್ಕ್ರೂ ಸಡಿಲಿಸಿ, ಸ್ಪ್ರಿಂಗ್ ಹೊರಬರುವ ಹೊತ್ತಿಗೆ ಸರಿಯಾಗಿ ಕೋವಿಯನ್ನು ತಂದವರ ಕೈಗೆ ಕೊಟ್ಟು, ತಾವು ಕೈ ಹಿಂದೆ ಕಟ್ಟಿಕೊಂಡು ನಿಲ್ಲುವರು. ಶೆಡ್ಡಿನ ಪಕ್ಕ ಒಂದು ಕಲ್ಲಿನ ತೊಟ್ಟಿ. ಅದರ ಬುಡದಲ್ಲಿ ಕೋವಿಯ ಯಜಮಾನನೇ ಕೂತು ಸ್ಪ್ರಿಂಗ್, ಪಿಸ್ಟನ್, ಕೊಳವೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬೂದಿ ಹಾಕಿ ಉಜ್ಜಿ, ಸೀಗೆಪುಡಿ ಹಾಕಿ ಇನ್ನೊಮ್ಮೆ ತೊಳೆದು, ಹಳೆಯ ವಾಷರನ್ನು ಎಸೆದು ಬಂದ ಮೇಲೆಯೇ ಸಾಬ್ರು ಕೈ ಹಾಕುತ್ತಿದ್ದುದು. ನೂರಾರು ಎಕರೆಯ ಧಣಿಗಳು ಹ್ಯಾಟು ಪಕ್ಕಕ್ಕಿಟ್ಟು ಆ ತೊಟ್ಟಿಯ ಬುಡದಲ್ಲಿ ಕೂರುತ್ತಿದ್ದರು. ಜೀಪಿನಲ್ಲಿ ಕೂತು ನಾನು ಎಷ್ಟೋ ಸಲ ಈ ಚೆಂದ ನೋಡಿದ್ದೇನೆ.

ಯಾಕೆ ಹೀಗೆ ಎಂದು ಕೇಳಿದರೆ ಸಾಬ್ರು, "ತೊಳೀದೆ ಹಾಕಿದ್ರೆ ಹೊಸ ಎಣ್ಣೆ ನಿಲ್ಲಲ್ಲ ಗೌಡ್ರೇ," ಎಂದಷ್ಟೇ ಹೇಳುತ್ತಿದ್ದರು. ಅದು ನಿಜವೂ ಹೌದು. ನಮ್ಮವರು ಅದನ್ನೇ ನಂಬಿ, ಹಳೇ ಎಣ್ಣೆ ಹೊಸ ಎಣ್ಣೆ ಓರಗಿತ್ತಿಯರಿದ್ದ ಹಾಗೆ, ಒಂದು ಕಡೆ ಇರುವುದಿಲ್ಲ ಎಂದು ಬೇರೆಯವರಿಗೆ ವಿವರಿಸುತ್ತಿದ್ದರು. ಸುಬ್ಬೇಗೌಡರ ಪ್ರಕಾರ ಅದು ಸಾಬ್ರ ಜಂಬ. ನಮ್ಮ ರೈಟರ್ ಪ್ರಕಾರ ಸೋಮಾರಿತನ. ಜೀಪಿನ ಗೇರ್ ಬಾಕ್ಸಿಗೆ ಮೊಣಕೈವರೆಗೆ ಕೈ ಹಾಕಿ ಕರೀ ಎಣ್ಣೆಯಲ್ಲಿ ಮೀಯುವ ಮನುಷ್ಯ ಒಂದು ಸ್ಪ್ರಿಂಗ್ ತೊಳೆಯಲು ಸೋಮಾರಿತನ ಮಾಡುತ್ತಾನೆಯೇ ಎಂದು ನಾವು ಯಾರೂ ಯೋಚಿಸಲಿಲ್ಲ. ನಮ್ಮವರು ನೆಣ ಹಚ್ಚಿದ ಕೋವಿಯನ್ನೂ ಹಾಗೆಯೇ ಎರಡು ಸಲ ತಾವೇ ಕೂತು ತೊಳೆದುಕೊಟ್ಟು ಬಂದಿದ್ದರು.

ಮುಂದಿನ ಕುಯ್ಲಿನಲ್ಲಿ ಸ್ಪ್ರಿಂಗ್ ಮುರಿಯಿತು. ಹಣ್ಣು ಕೆಂಪಾಗಿ ಗಿಡದ ತುಂಬ ನಿಂತಿತ್ತು, ಆಳುಗಳು ಸಾಲದು, ಯಜಮಾನರಿಗೆ ತೋಟ ಬಿಟ್ಟು ಕದಲುವಂತಿಲ್ಲ. ಕಿತ್ತಳೆಗೆ ಮಂಗಗಳು ಬೇರೆ. ಆ ಕಾಲದಲ್ಲಿ ನಮ್ಮ ಕಡೆ ಬಸ್ಸಿನ ಕಂಡಕ್ಟರೇ ಅಂಚೆಯವನು. ಔಷಧಿ, ಬಾಳೆಗೊನೆ, ಹೊಲಿದ ಬಟ್ಟೆ ಎಲ್ಲ ಅವನ ಕೈಯಲ್ಲೇ ಹೋಗುತ್ತಿತ್ತು. ಹಾಗೆ ಕೋವಿಯನ್ನೂ ಕಳಿಸುವುದೆಂದಾಯಿತು. ಗೋಣಿಚೀಲದಲ್ಲಿ ಸುತ್ತಿ ನಾನೇ ಹೊಲಿಗೆ ದಾರದಿಂದ ಕಟ್ಟಿದೆ. ಚೀಲ ಗಿಡ್ಡವಾಗಿ ನಳಿಗೆಯ ಬಾಯಿ ಒಂದು ಗೇಣು ಹೊರಗೇ ಉಳಿಯಿತು.

ಒಂದು ವಾರವಾಯಿತು, ಎರಡಾಯಿತು. ಕೋವಿ ಬರಲಿಲ್ಲ. ಕಂಡಕ್ಟರನನ್ನು ಕೇಳಿದರೆ, "ಗೌಡ್ರೇ ಬರ್ಲಿ ಅಂತ ಹೇಳಿದ್ರು ಸಾಬ್ರು," ಎಂದ.

"ಎಂತ, ನಾನೇ ಹೋಗ್ಬೇಕಂತಾ? ಕುಯ್ಲು ಬಿಟ್ಟು?" ಎಂದು ಯಜಮಾನರು ಹಾರಾಡಿದರು.

ಇನ್ನೊಂದು ವಾರ ಕಳೆದು ಅದೇ ಉತ್ತರ ಬಂದಾಗ ಅವರ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಸುಬ್ಬೇಗೌಡರು, "ನಾನು ಹೇಳಿಲ್ವ, ಅವ್ನಿಗೆ ಜಂಬ," ಎಂದು ಒಲೆಗೆ ಸೌದೆ ಒಡ್ಡಿದರು. ಇನ್ನು ಮುಂದೆ ಕೋವಿ ಮಾತ್ರವಲ್ಲ, ಜೀಪು, ಪಲ್ಪರ್ ಎಲ್ಲ ಆಲ್ದೂರಿನವನಿಗೆ ಎಂದು ತೀರ್ಮಾನವಾಯಿತು. ಕೋವಿಯನ್ನು ತಂದು, ಸಾಬ್ರಿಗೆ ನಾಲ್ಕು ಮಾತು ಹೇಳಿ, ಲೆಕ್ಕ ಹರಿದುಕೊಂಡು ಬರುತ್ತೇನೆ ಎಂದು ಜೀಪು ಹತ್ತಿದರು. ಹಬ್ಬದೂಟ ಬಿಟ್ಟು ಬಂದ ಮನುಷ್ಯ. ಒಂದು ಗಾಳಿ ಕೋವಿಗಾಗಿ ಅವರನ್ನು ಕಳೆದುಕೊಳ್ಳುವುದೇ? ಇವರದು ಹುಲ್ಲಿನ ಬೆಂಕಿಯಂಥ ಸಿಟ್ಟು, ಬೇಗ ಆರುತ್ತದೆ. ಆದರೆ ಅಷ್ಟರೊಳಗೆ ಆಡಿದ ಮಾತನ್ನು ಹಿಂದಕ್ಕೆ ತರುವವರು ಯಾರು? "ಮೂಡಿಗೆರೇಲಿ ದಾರ ತಗೋಬೇಕು," ಎಂದು ಸುಳ್ಳು ಹೇಳಿ ನಾನೂ ಹತ್ತಿ ಕೂತೆ.

ಕೊಟ್ಟಿಗೆಹಾರ ದಾಟಿ ಬಣಕಲ್ ಬರುವ ತನಕ ಅವರು ತಮ್ಮ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ನಡುವೆ ಒಂದೆರಡು ಚೆನ್ನಾಗಿದೆಯೇ ಎಂದು ನನ್ನನ್ನೂ ಕೇಳಿದರು.

ಶೆಡ್ಡಿನೊಳಗೆ ಹೋದರೆ ಕೋವಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದೇ ಗೋಣಿಚೀಲ, ಅದೇ ದಾರ. ನಾನು ಹಾಕಿದ ಗಂಟು ಹಾಗೆಯೇ ಇತ್ತು. ಅದಕ್ಕೆ ಕೈಯನ್ನೇ ಹಚ್ಚಿರಲಿಲ್ಲ. ಅದರ ಕೆಳಗೆ ಬೇರೆ ಯಾವ ಸಾಮಾನೂ ಇಟ್ಟಿರಲಿಲ್ಲ, ಆಚೆ ಈಚೆ ಖಾಲಿ ಬಿಟ್ಟಿದ್ದರು.

"ಸಾಬ್ರೇ, ಇದೆಂತದು? ಬಿಚ್ಚೂ ನೋಡಿಲ್ಲ! ನಮ್ ಕೆಲ್ಸ ಬೇಡ ಅಂದ್ರೆ ಬೇಡ ಅನ್ನಿ. ನಾನು ಬಂದು ಕೈ ಮುಗಿದು ನಿಂತ್ಕೊಂಡ್ರೇನೇ ಮಾಡೋದಾ?" ಬಾಯಿಪಾಠ ಮಾಡಿದ್ದೆಲ್ಲ ಮರೆತು ಹೋಗಿ ಬೇರೆಯೇ ಏನೋ ಬಂತು. ದನಿ ಮಾತ್ರ ರಸ್ತೆಯಾಚೆಯ ಹೋಟೆಲಿನವರೆಗೆ ಕೇಳಿತು.

ಸಾಬ್ರು ಕೈ ಒರೆಸಿಕೊಳ್ಳುತ್ತ ಎದ್ದು ನಿಂತರು. "ಕೋಪ ಮಾಡ್ಕೋಬೇಡಿ ಗೌಡ್ರೇ. ತೊಳೆಯೋರು ಬರ್ಲಿ ಅಂತ ಕಾಯ್ತಿದ್ದೆ."

"ತೊಳೆಯೋದೇ ಒಂದು ದೊಡ್ ವಿಷ್ಯನಾ? ಇಲ್ಲೇ ಯಾರತ್ರನಾದ್ರೂ ತೊಳೆಸಿದ್ರೆ ಆಗ್ತಿರ್ಲಿಲ್ವಾ?"

"ನಮ್ಮಲ್ಲಿ ಇರೋರೆಲ್ಲ ನಮ್ಮೋರೇ ಗೌಡ್ರೇ," ಎಂದರು ಸಾಬ್ರು, ಮೆಲ್ಲಗೆ.

ನಾನು ಗೋಡೆಯ ಮೊಳೆಯನ್ನೇ ನೋಡುತ್ತಿದ್ದೆ. ಚೀಲದಿಂದ ಇಣುಕುತ್ತಿದ್ದ ನಳಿಗೆ, ಅದರ ಸುತ್ತ ಬಿಟ್ಟ ಖಾಲಿ ಜಾಗ, ತೊಟ್ಟಿಯ ಬುಡದ ಬೂದಿ ಬುಟ್ಟಿ. ಬೂದಿ, ಬಿಸಿನೀರು, ತಿಂದವನದೇ ಕೈ. ಬಿಚ್ಚುವ ಮೊದಲು ಅವರು ಮೂಸುತ್ತಿದ್ದುದು ಯಾತಕ್ಕೆಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಸುಬ್ಬೇಗೌಡರಂಥವರು ಈ ಬೆಟ್ಟಗಳ ತುಂಬ ಇದ್ದಾರೆ, ನಮ್ಮವರಂಥ ಪ್ರಚಾರಕರೂ ಇದ್ದಾರೆ, ಆ ಕೋವಿಗಳೆಲ್ಲ ಬರುವುದು ಈ ಒಂದು ಶೆಡ್ಡಿಗೆ.

ಯಜಮಾನರು ಮುಂದಿನ ಮಾತಿಗೆ ಬಾಯಿ ತೆರೆದಿದ್ದರು. ನಾನು ಅವರ ತೋಳು ಹಿಡಿದು, "ರೀ, ನಮ್ಮನೇಲಿ ಹಂದಿ ಪಾತ್ರೆ ಯಾರು ತೊಳೀತಾರೆ?" ಎಂದು ಕೇಳಿದೆ.

"ನಾನೇ. ಅದಕ್ಕೂ ಇದಕ್ಕೂ ಎಂತ..."

ಅಲ್ಲಿಗೆ ನಿಂತರು. ಕೋವಿಯನ್ನು ನೋಡಿದರು, ಸಾಬ್ರನ್ನು ನೋಡಿದರು, ಸಾಬ್ರು ನೆಲ ನೋಡಿದರು. ನಮ್ಮವರ ಕಿವಿ ತುದಿ ಕೆಂಪಗಾಯಿತು.

ಅವರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಮೊಳೆಯಿಂದ ಕೋವಿ ಇಳಿಸಿ, ಗಂಟು ಬಿಚ್ಚಿ, ಸ್ಕ್ರೂಗಳನ್ನೂ ತಾವೇ ತಿರುಗಿಸಿ ತೊಟ್ಟಿಯ ಬುಡದಲ್ಲಿ ಕೂತರು. ಸಾಬ್ರು ಸ್ವಲ್ಪ ದೂರ ನಿಂತು ಇದು ಮೊದಲು, ಅದು ಆಮೇಲೆ ಎಂದು ಬೆರಳು ತೋರಿಸಿ ಹೇಳುತ್ತಿದ್ದರು. ಮುರಿದ ಸ್ಪ್ರಿಂಗಿನ ಎರಡು ತುಂಡು ಹೊರಬಂದವು. ಮುರಿದದ್ದನ್ನು ತೊಳೆಯುವ ಅಗತ್ಯವಿರಲಿಲ್ಲ. ಆದರೂ ಯಜಮಾನರು ಅದನ್ನೂ ಬೂದಿ ಹಾಕಿ ಉಜ್ಜಿದರು. ಕೊನೆಗೆ ತಮ್ಮ ಕೈ ತೊಳೆಯುವಾಗ ಸಾಬ್ರೇ ಚೆಂಬಿನಲ್ಲಿ ನೀರು ಹೊಯ್ದರು.

"ಒಂದ್ ಮಾತು ಹೇಳಬಾರ್ದಿತ್ತಾ ಸಾಬ್ರೇ?" ಎಂದರು ಯಜಮಾನರು, ತಲೆ ಬಗ್ಗಿಸಿಕೊಂಡೇ.

"ಏನಂತ ಹೇಳದು? ನಿಮ್ಮನೆ ಊಟ ನಿಮ್ದು. ಹೇಳಿದ್ರೆ ನಿಮಗೆ ನಾಚ್ಕೆ, ನಂಗೂ ನಾಚ್ಕೆ. ತೊಳ್ದು ಕೊಟ್ರೆ ಇಬ್ರಿಗೂ ಮಾತೇ ಇಲ್ಲ. ಕೊಡಿ ಈಗ," ಎಂದು ಸಾಬ್ರು ಕೈ ಚಾಚಿ ಪಿಸ್ಟನ್ ತೆಗೆದುಕೊಂಡರು.

ಬಣಕಲ್ಲಿನಿಂದಲೇ ಜೀಪನ್ನು ಮನೆ ಕಡೆ ತಿರುಗಿಸಿದರು. ಮೂಡಿಗೆರೆಯ ದಾರದ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಗೆ ಬಂದವರೇ ನೆಣದ ಬಾಟಲಿಯನ್ನು ಸುಬ್ಬೇಗೌಡರಿಗೆ ಕಳಿಸಿಬಿಟ್ಟರು. ಆಮೇಲೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಹರಳೆಣ್ಣೆ ಇದೆಯಾ?" ಎಂದು ಕೇಳಿದರು.

"ಯಾಕೆ ಮಗಾ, ಹೊಟ್ಟೆ ಕಟ್ಟಿದ್ಯಾ?" ಎಂದರು ಅತ್ತೆ.

ಹರಳೆಣ್ಣೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ದಪ್ಪ ಎಣ್ಣೆ, ಚರ್ಮದಲ್ಲಿ ನಿಲ್ಲುತ್ತದೆ, ಒಂದೆರಡು ಹನಿ ಹಾಕಿ ರಾತ್ರಿಯಿಡೀ ಬಿಟ್ಟರೆ ವಾಷರ್ ಮೆತ್ತಗಾಗುತ್ತದೆ. ಆದರೆ ದಿನ ಕಳೆದ ಹಾಗೆ ಅಂಟಂಟಾಗಿ, ಬಾಳೂರಿನ ಚಳಿಗೆ ಸ್ಪ್ರಿಂಗನ್ನು ತಡೆದು ಹಿಡಿಯುತ್ತದೆ. ನಮ್ಮವರ ಗುಂಡು ನಿಂಬೆಹಣ್ಣಿಗಿಂತ ಒಂದು ಗೇಣು ಕೆಳಗೇ ಹೋಗತೊಡಗಿತು. ಭಾನುವಾರದ ಮೇಲೆ ಭಾನುವಾರ ಸೋತರು. ಸೋತವರು ಅಡುಗೆ ಮಾಡಬೇಕಲ್ಲ, ಆ ಚಳಿಗಾಲವಿಡೀ ಸೌದೆ ಕೊಟ್ಟಿಗೆಯ ಪಕ್ಕ ಹಂದಿ ಬೇಯಿಸಿದ್ದೂ ಅವರೇ, ಪಾತ್ರೆ ತಿಕ್ಕಿದ್ದೂ ಅವರೇ. ಹಂದಿ ತಿನ್ನುವುದನ್ನು ಬಿಡಲಿಲ್ಲ, ಕೋವಿಗೆ ಹಚ್ಚುವುದನ್ನು ಬಿಟ್ಟರು.

"ಎಂತ ಮಾರಾಯ್ರೇ, ಅಷ್ಟು ಒಳ್ಳೇ ನೆಣ ವಾಪಸ್ ಕಳಿಸಿ ಈ ಭೇದಿ ಎಣ್ಣೆ ಹಿಡ್ಕೊಂಡಿದ್ದೀರಿ?" ಎಂದು ಸುಬ್ಬೇಗೌಡರು ಎಲ್ಲರೆದುರು ಕೇಳುತ್ತಿದ್ದರು.

"ಹರಳೆಣ್ಣೆನೇ ಸರಿ ಕಣ್ರೀ," ಎಂದಷ್ಟೇ ಹೇಳಿ ನಮ್ಮವರು ಒಗ್ಗರಣೆ ಕಡೆ ತಿರುಗುತ್ತಿದ್ದರು. ಮೊದಲೆಲ್ಲ ಒಂದು ಸಣ್ಣ ಸೋಲಿಗೂ ಮೂರು ದಿನ ಮುಖ ಊದಿಸುತ್ತಿದ್ದ ಮನುಷ್ಯ. ಕಾರಣ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲವೇನೋ. ಅವರು ಹೇಳಲಿಲ್ಲ. ಹೇಳಿದರೆ ಸಾಬ್ರು ಇಷ್ಟು ವರ್ಷ ಮುಚ್ಚಿಟ್ಟ ಮಾತನ್ನು ಬಿಚ್ಚಿದ ಹಾಗೆ ಎಂದು ನನ್ನೆದುರು ಒಮ್ಮೆ ಅಂದಿದ್ದರು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂದ ದಿನಗಳಲ್ಲಿ ಅದೂ ಒಂದು. ಅವರಿಗೆ ಹೇಳಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

ಮರುವರ್ಷ ಮಳೆಗಾಲಕ್ಕೆ ಮುಂಚೆ ವಾಷರ್ ಬದಲಿಸಬೇಕಾಯಿತು. ಈ ಸಲ ಕಂಡಕ್ಟರನ ಕೈಗೆ ಕೊಡದೆ ತಾವೇ ಹೊರಟರು. ನನಗೆ ನಿಜವಾಗಿಯೂ ಮೂಡಿಗೆರೆಯಲ್ಲಿ ದಾರ ಬೇಕಿತ್ತು, ಜೊತೆಗೆ ಹೋದೆ.

ಬಣಕಲ್ಲಿನಲ್ಲಿ ಅವತ್ತು ತೊಟ್ಟಿಯ ಬುಡದಲ್ಲಿ ಜನ. ದೊಡ್ಡ ತೋಟದ ಇಬ್ಬರು ಧಣಿಗಳು ಪ್ಯಾಂಟು ಮಡಿಚಿ ಕೂತು ಸ್ಪ್ರಿಂಗ್ ಉಜ್ಜುತ್ತಿದ್ದರು. ನಮ್ಮವರೂ ಕೋವಿಯನ್ನು ಸಾಬ್ರ ಕೈಗೆ ಕೊಟ್ಟು, ಕೇಳುವ ಮೊದಲೇ ತೋಳು ಮಡಿಚಿ, ಸೀಮೆಎಣ್ಣೆ ಡಬ್ಬಿ ಎತ್ತಿಕೊಂಡು ತೊಟ್ಟಿಯ ಕಡೆ ನಡೆದರು.

ಸಾಬ್ರು ಎಂದಿನಂತೆ ನಳಿಗೆಯ ಬಾಯಿ ಮೂಸಿದರು. ಇನ್ನೊಮ್ಮೆ ಮೂಸಿದರು. ಹರಳೆಣ್ಣೆಯ ವಾಸನೆ ಯಾರಿಗೆ ಗೊತ್ತಿಲ್ಲ? ಕೋವಿಯನ್ನು ಎದೆಗೆ ಒರಗಿಸಿಕೊಂಡರು. ಆಮೇಲೆ ಬಂದು ನಮ್ಮವರ ಕೈಯಿಂದ ಸೀಮೆಎಣ್ಣೆ ಡಬ್ಬಿ ಇಸಕೊಂಡರು. ಒಳಗಿನಿಂದ ತಾವು ಕೂರುವ ಸ್ಟೂಲು ತಂದು ಹಾಕಿ, "ನೀವ್ ಕೂತ್ಕಳಿ," ಎಂದರು.

"ಇಲ್ಲ ಸಾಬ್ರೇ, ತೊಳ್ದು ಕೊಡ್ತೀನಿ."

"ಕೂತ್ಕಳಿ ಗೌಡ್ರೇ."

ಸಾಬ್ರು ಅಲ್ಲೇ ನೆಲದ ಮೇಲೆ ಕೂತು ಸ್ಕ್ರೂ ತಿರುಗಿಸಿದರು. ಸ್ಪ್ರಿಂಗ್ ಹೊರಬರುವ ಹೊತ್ತಾಯಿತು. ಅವರು ಕೈ ಹಿಂದೆ ಕಟ್ಟಲಿಲ್ಲ. ಅಂಟಂಟು ಹರಳೆಣ್ಣೆ ಮೆತ್ತಿದ ಸ್ಪ್ರಿಂಗನ್ನು ಬರಿಗೈಯಲ್ಲಿ ಹಿಡಿದು ಹೊರಕ್ಕೆ ಎಳೆದರು.

ತೊಟ್ಟಿಯ ಬುಡದಲ್ಲಿದ್ದ ಧಣಿಯೊಬ್ಬರು ಇದನ್ನು ನೋಡಿ, "ಇದೆಂತ ನ್ಯಾಯ ಸಾಬ್ರೇ? ನಾವು ಇಲ್ಲಿ ಬೂದಿ ಮುಕ್ಕೋದು, ಅವ್ರಿಗೆ ಸ್ಟೂಲಾ?" ಎಂದು ಕೇಳಿದರು.

ಸಾಬ್ರು ತಲೆ ಎತ್ತಲಿಲ್ಲ. "ಅವ್ರದ್ದು ಮನೇಲೇ ತೊಳ್ದಾಗಿದೆ ಧಣೀ," ಎಂದರು.

ನಮ್ಮ ಯಜಮಾನರು ಸ್ಟೂಲಿನ ಮೇಲೆ ಕೂತಿದ್ದರು, ಮಡಿಚಿದ ತೋಳನ್ನು ಇಳಿಸುವುದನ್ನೂ ಮರೆತು.